ಲೋಕಾಯುಕ್ತ ಪ್ರಕರಣಗಳಲ್ಲಿ ಕಾಲಮಿತಿಯೊಳಗೆ ಕ್ರಮ ಕೋರಿ ಮನವಿ ಪತ್ರ

ಗೆ,
ಸನ್ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಇಂದ,
ಕೆಳಗೆ ಸಹಿ ಮಾಡಿರುವ ನಾಗರಿಕರು.

ಮಾನ್ಯರೇ,

ವಿಷಯ: ಭ್ರಷ್ಟಾಚಾರ ಪ್ರಕರಣಗಳಲ್ಲಿ ಅಭಿಯೋಜನಾ ಮಂಜೂರಾತಿ, ಲೋಕಾಯುಕ್ತ ವರದಿಗಳ ಜಾರಿ ಹಾಗೂ ಆಸ್ತಿ ವಿವರಗಳ ಪ್ರಕಟಣೆ ಕುರಿತು.

ರಾಜ್ಯದಲ್ಲಿ ಲಂಚ ತಡೆಯುವ ಕಾನೂನುಗಳಿಗೆ ಕೊರತೆಯಿಲ್ಲ. 1984ರ ಲೋಕಾಯುಕ್ತ ಕಾಯ್ದೆಯ ಬಲದಿಂದಲೇ 2011ರ ಜುಲೈನಲ್ಲಿ ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ, ಲಂಚ ಪ್ರಕರಣಗಳ ತನಿಖೆ ಲೋಕಾಯುಕ್ತ ಪೊಲೀಸರ ಕೈತಪ್ಪಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಆದರೆ ತನಿಖೆ ಮುಗಿದ ಕಡತ ಮತ್ತೆ ಸರ್ಕಾರದ ಮುಂದೆಯೇ ಬರುತ್ತದೆ. ಲಂಚದ ನೋಟಿನೊಂದಿಗೆ ಸಿಕ್ಕಿಬಿದ್ದ ನೌಕರನ ವಿಚಾರಣೆಗೂ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಡಿ ಸಕ್ಷಮ ಪ್ರಾಧಿಕಾರದ ಮಂಜೂರಾತಿ ಬೇಕು. ಈ ಮಂಜೂರಾತಿ ತಡವಾದಷ್ಟೂ ಸಾಕ್ಷಿಗಳು ಹಿಂಜರಿಯುತ್ತಾರೆ, ಆರೋಪಿ ನಿವೃತ್ತಿಯ ಅಂಚಿಗೆ ತಲುಪುತ್ತಾನೆ. ಪೋಡಿಗೆ, ಖಾತೆಗೆ ಅಲೆದು ಬೇಸತ್ತು, ಧೈರ್ಯ ಮಾಡಿ ದೂರು ಕೊಟ್ಟ ರೈತ ಮಾತ್ರ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ತಪ್ಪು ಮಾಡಿದರೂ ಮೇಲಿನವರು ಕಾಪಾಡುತ್ತಾರೆ ಎಂಬ ನಂಬಿಕೆಯೇ ಕೆಳಹಂತದ ಲಂಚಕ್ಕೆ ಆಸರೆ. ಆ ನಂಬಿಕೆಯನ್ನು ಮುರಿಯುವ ಶಕ್ತಿ ನಾಯಕತ್ವಕ್ಕೆ ಮಾತ್ರ ಇದೆ. ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ತಮ್ಮ ಮುಂದಿಡುತ್ತಿದ್ದೇವೆ.

ಬೇಡಿಕೆಗಳು:

1. ಅಭಿಯೋಜನಾ ಮಂಜೂರಾತಿ ಕುರಿತ ತೀರ್ಮಾನಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ 3 ತಿಂಗಳ ಗಡುವು ಹೇಳಿದೆ; ಕಾರಣ ದಾಖಲಿಸಿ 1 ತಿಂಗಳು ಮಾತ್ರ ವಿಸ್ತರಿಸಬಹುದು. ಈ ಅವಧಿ ಮೀರಿದ ಪ್ರತಿ ಕಡತದ ವಿಳಂಬಕ್ಕೂ ಹೊಣೆಗಾರ ಅಧಿಕಾರಿಯನ್ನು ಗುರುತಿಸಿ ಕ್ರಮ ಕೈಗೊಳ್ಳಬೇಕು.

2. ಬಾಕಿ ಇರುವ ಮಂಜೂರಾತಿ ಕೋರಿಕೆಗಳ ಇಲಾಖಾವಾರು ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಬೇಕು.

3. ಲೋಕಾಯುಕ್ತ ಕಾಯ್ದೆಯ 12(3)ನೇ ಕಲಮಿನಡಿ ಬಂದ ವರದಿಗಳ ಮೇಲೆ ಕೈಗೊಂಡ ಕ್ರಮವನ್ನು ನಿಗದಿತ 3 ತಿಂಗಳೊಳಗೆ ತಿಳಿಸಬೇಕು. ಶಿಫಾರಸು ಒಪ್ಪದಿದ್ದರೆ ಅದರ ಕಾರಣಗಳನ್ನು ಸದನದಲ್ಲಿ ಮಂಡಿಸಬೇಕು.

4. ಸಚಿವರು ಮತ್ತು ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಸಲ್ಲಿಸಬೇಕಾದ ಆಸ್ತಿ ಮತ್ತು ಹೊಣೆಗಾರಿಕೆ ವಿವರಗಳನ್ನು ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಬೇಕು. ಈ ಪಟ್ಟಿಯಲ್ಲಿ ಮೊದಲ ವಿವರ ತಮ್ಮದಾಗಿರಲಿ ಎಂಬುದು ನಮ್ಮ ವಿಶೇಷ ಕೋರಿಕೆ.

5. ಲಂಚ ಪ್ರಕರಣದಲ್ಲಿ ಅಮಾನತಾಗಿ ಮರಳಿದವರಿಗೆ ವಿಚಾರಣೆ ಮುಗಿಯುವ ತನಕ ಆಯಕಟ್ಟಿನ ಹುದ್ದೆ ಕೊಡಬಾರದು. ದೂರುದಾರರ ಬಾಕಿ ಕೆಲಸವನ್ನು ಬೇರೊಬ್ಬ ಅಧಿಕಾರಿ ಮುಗಿಸಿಕೊಡಬೇಕು.

6. ಹಣ ಕೊಟ್ಟು ಹುದ್ದೆಗೆ ಬಂದವರು ಆ ಹಣವನ್ನು ಜನರಿಂದಲೇ ವಸೂಲಿ ಮಾಡುತ್ತಾರೆ. ಆದ್ದರಿಂದ ವರ್ಗಾವಣೆಗಳು ಕೌನ್ಸೆಲಿಂಗ್ ಮೂಲಕವೇ ನಡೆಯಬೇಕು. ಅವಧಿಗೆ ಮುನ್ನ ಮಾಡುವ ವರ್ಗಾವಣೆಗೆ ಲಿಖಿತ ಕಾರಣವಿರಬೇಕು.

7. ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಅರ್ಜಿದಾರ ಕೇಳುವವರೆಗೆ ಕಾಯದೆ ಅದನ್ನು ಪಾವತಿಸಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಮೊದಲ ಎರಡು ಬೇಡಿಕೆಗಳ ಬಗ್ಗೆ 30 ದಿನಗಳೊಳಗೆ ಸುತ್ತೋಲೆ ಹೊರಡಿಸಬೇಕು, ಉಳಿದವುಗಳ ಬಗ್ಗೆ ಚರ್ಚಿಸಲು ನಮ್ಮ ನಿಯೋಗಕ್ಕೆ ಭೇಟಿಯ ಅವಕಾಶ ನೀಡಬೇಕು ಎಂದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿಗಳು)

ಸ್ಥಳ: ಬೆಂಗಳೂರು
ದಿನಾಂಕ:

ಪ್ರತಿ: ಮುಖ್ಯ ಕಾರ್ಯದರ್ಶಿಗಳು, ಕರ್ನಾಟಕ ಸರ್ಕಾರ – ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ.