ಗೋಡೆಯ ಭಾವಚಿತ್ರಕ್ಕೆ ಎಷ್ಟು ಚುಕ್ಕೆ?

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಗೋಡೆಗೆ ತೂಗುಹಾಕಲು ಅವರದೊಂದು ಭಾವಚಿತ್ರಕ್ಕಾಗಿ ಹುಡುಕಾಟ ಆರಂಭವಾಗುವುದು. ವಾಟ್ಸಾಪಿನಲ್ಲಿ ಎಂದೋ ಬಂದ ಚಿತ್ರವೊಂದು ದೊರೆಯುವುದು. ಮೊಬೈಲಿನಲ್ಲಿ ಅದು ಸೊಗಸಾಗಿಯೇ ಕಾಣುವುದು. ದೊಡ್ಡದಾಗಿ ಮುದ್ರಿಸಿ ತಂದಾಗ ಮಾತ್ರ ಮುಖವೆಲ್ಲ ಮಂಜುಮಂಜು!

ಕಾರಣ ಸರಳವಾದುದು. ಇಂದಿನ ಚಿತ್ರವೆಂದರೆ ಪಿಕ್ಸೆಲ್ ಎಂಬ ಚುಕ್ಕೆಗಳ ರಂಗೋಲಿ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲವೊಂದಕ್ಕೆ 300 ಚುಕ್ಕೆಗಳಿದ್ದರೆ ಉತ್ತಮ. ಅಂದರೆ 4×6 ಅಂಗುಲದ ಪ್ರತಿಗೆ 1200×1800, 8×12 ಅಂಗುಲಕ್ಕೆ 2400×3600 ಚುಕ್ಕೆಗಳು ಬೇಕು. ದೂರದಿಂದ ನೋಡುವ ಗೋಡೆಯ ಚಿತ್ರಕ್ಕೆ ಅಂಗುಲಕ್ಕೆ 150 ಇದ್ದರೂ ನಡೆದೀತು. ದೂರದ ಸಣ್ಣ ವಿವರಗಳನ್ನು ಕಣ್ಣು ಬೇರೆ ಬೇರೆಯಾಗಿ ಗುರುತಿಸಲಾರದು.

ಕಂಪ್ಯೂಟರಿನಲ್ಲಿ ಬರಿಯ ಸಂಖ್ಯೆಯನ್ನು ಏರಿಸಿದರೆ ಫಲವಿಲ್ಲ. ಹಿಟ್ಟಿಗೆ ನೀರೆರೆದರೆ ದೋಸೆಯ ಲೆಕ್ಕ ಹೆಚ್ಚೀತು, ರುಚಿ ಹೆಚ್ಚದು!

ವಾಟ್ಸಾಪು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ಆದುದರಿಂದ ಚಿತ್ರ ತೆಗೆದವರಿಂದ ಮೂಲಪ್ರತಿಯನ್ನೇ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿರಿ. ಆಲ್ಬಮಿನಲ್ಲಿರುವ 2×3 ಅಂಗುಲದ ಹಳೆಯ ಚಿತ್ರವನ್ನು 8×12 ಅಂಗುಲಕ್ಕೆ ಹಿಗ್ಗಿಸಬೇಕಿದ್ದರೆ, ಅಂಗುಲಕ್ಕೆ 1200 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿರಿ. ಆದರೆ ಮೂಲದಲ್ಲಿಯೇ ಮಸುಕಾದುದನ್ನು ಯಾವ ಸ್ಕ್ಯಾನರೂ ತಿಳಿಯಾಗಿಸಲಾರದು.

ಹಿರಿಯರು ಜಗುಲಿಯಲ್ಲಿ ನಗುತ್ತ ಕುಳಿತಿರುವಾಗಲೇ ಒಂದು ಒಳ್ಳೆಯ ಚಿತ್ರ ತೆಗೆದು, ಮೂಲಪ್ರತಿಯನ್ನು ಜೋಪಾನವಾಗಿಡುವುದು ಎಲ್ಲಕ್ಕಿಂತ ಲೇಸು. ಈ ಭಾನುವಾರವೇ ಆಗಬಾರದೇಕೆ?