ಗಾಡಿ ನಮ್ಮದು, ಕೀಲಿ ಯಾರದು?

ಹುಬ್ಬಳ್ಳಿಯ ಲಾರಿ ಮಾಲೀಕರೇ, ಚಾಲಕರೇ, ಗ್ಯಾರೇಜಿನ ಮಿಸ್ತ್ರಿಗಳೇ, ದಿನವಿಡೀ ಲೇಥ್ ಮುಂದೆ ನಿಲ್ಲುವ ಟರ್ನರ್‌ಗಳೇ, ಸಾಲ ಮಾಡಿ ಒಂದು ಬೊಲೆರೊ ತಂದು ಹೊಲಕ್ಕೂ ಸಂತೆಗೂ ಮಗಳ ಲಗ್ನಕ್ಕೂ ಅದನ್ನೇ ಓಡಿಸುವವರೇ, ಈ ಮಾತು ನಿಮಗೆ. ದುಡ್ಡು ಕೊಟ್ಟು ಕೊಂಡ ಗಾಡಿಯನ್ನು ಬಿಚ್ಚಿ ನೋಡುವ, ನಮಗೆ ನಂಬಿಕೆಯಿದ್ದವರ ಕೈಯಲ್ಲಿ ರಿಪೇರಿ ಮಾಡಿಸುವ ಹಕ್ಕು ನಮ್ಮ ಕೈ ಜಾರುತ್ತಿದೆ. ಅದನ್ನು ಯಾರೂ ಹೊಸ ಕಾನೂನು ಮಾಡಿ ಕಿತ್ತುಕೊಂಡಿಲ್ಲ. ನಾವು ಕೇಳಲಿಲ್ಲ, ಹಾಗಾಗಿ ಹೋಗುತ್ತಿದೆ. ಕೇಳುವ ಹೊತ್ತು ಇನ್ನೂ ಮೀರಿಲ್ಲ ಎಂದು ನಂಬಿ ಕಮರಿಪೇಟೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಬದುಕಿರುವುದೇ ಗಾಲಿಯ ಮೇಲೆ. ಪುಣೆ–ಬೆಂಗಳೂರು ರಸ್ತೆ ಇಲ್ಲಿಯೇ ಹಾಯುತ್ತದೆ. ಅಂಕೋಲೆಯ ಕಡೆಯಿಂದ ಘಟ್ಟ ಹತ್ತಿ ಬಂದ ಲಾರಿ ಇಲ್ಲಿಂದ ಗದಗ, ಹೊಸಪೇಟೆಗೆ ತಿರುಗುತ್ತದೆ, ವಿಜಯಪುರ, ಸೊಲ್ಲಾಪುರದ ದಾರಿಯೂ ಇಲ್ಲಿಂದಲೇ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ ಕಸುಬು ಹುಬ್ಬಳ್ಳಿಗೆ ಬಂದು ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲೊಂದಾಯಿತು. ಆ ಕತೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಒಂದು ಲಾರಿ ಎಂಬ ಮಾತನ್ನು ಮಾತ್ರ ತಡೆದು ನಿಂತು ಕೇಳಿಸಿಕೊಳ್ಳುವುದಿಲ್ಲ. ಒಂದೇ ಲಾರಿ ಇದ್ದವನು ಎರಡನೆಯದನ್ನು ಕೊಳ್ಳಬೇಕಾದರೆ ಮೊದಲನೆಯದು ನಿಲ್ಲಬಾರದು. ನಿಂತರೂ ನಿಂತಲ್ಲೇ, ಕೈಗೆಟಕುವ ದುಡ್ಡಿನಲ್ಲಿ, ಸಿಕ್ಕ ಮಿಸ್ತ್ರಿಯಿಂದ ಮತ್ತೆ ಎದ್ದೇಳಬೇಕು. ಆ ಕಾಲದ ಗಾಡಿಗಳು ಹಾಗೆ ಏಳುತ್ತಿದ್ದವು.

1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಲಾರಿ ಮಾಡತೊಡಗಿತು. ಹದಿನೈದು ವರ್ಷಕ್ಕೆ ಒಪ್ಪಂದ ಮುಗಿಯಿತು. ಹಳೆಯ ಚಾಲಕರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ಬೆಂಜ್ ಗಾಡಿಯೇ. ಆಮೇಲಿನ 1210 ಮಾದರಿ ಇರಲಿ, ಲೇಲ್ಯಾಂಡಿನ ಕಾಮೆಟ್ ಇರಲಿ, ಒಮ್ಮೆ ಚಾಲೂ ಆದ ಇಂಜಿನ್ನಿಗೆ ಡೀಸೆಲ್ಲು, ಗಾಳಿ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಓಡಲು ಕರೆಂಟೂ ಬೇಡ. ಬ್ಯಾಟರಿ ಕುಳಿತರೆ ಇಳಿಜಾರಿನಲ್ಲಿ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗುಡುಗಿ ಏಳುತ್ತಿತ್ತು. ಲೈನಿನಲ್ಲಿ ಏರ್ ಹಿಡಿಯಿತೋ, ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ, ಪಂಪಿನ ಬದಿಯ ಗುಂಡಿಯನ್ನು ಒತ್ತುತ್ತ ಹೋಗುವುದು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಕೂಡಲೇ ಬೋಲ್ಟ್ ಬಿಗಿಯುವುದು. ಕ್ಲೀನರ್ ಹುಡುಗನೇ ಇದನ್ನು ಮಾಡುತ್ತಿದ್ದ. (ಶಾಲೆಯಲ್ಲಿರಬೇಕಾದ ಮಕ್ಕಳೂ ಆ ಕೆಲಸದಲ್ಲಿದ್ದರು. ಅದು ತಪ್ಪೇ, ಅದನ್ನು ನಾನು ಮರಳಿ ಬಯಸುತ್ತಿಲ್ಲ.) ಆರು ಸಿಲಿಂಡರಿನಲ್ಲಿ ಯಾವ ನೋಝಲ್ ಕೈಕೊಟ್ಟಿದೆ ಎಂದು ತಿಳಿಯಬೇಕೆ? ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪೈಪಿನ ನಟ್ಟು ಸಡಿಲಿಸುತ್ತ ಕಿವಿಗೊಡುವುದು. ಯಾವ ಪೈಪು ಸಡಿಲಿಸಿದಾಗ ಸದ್ದು ಬದಲಾಗಲಿಲ್ಲವೋ ಆ ನೋಝಲ್ ಮೊದಲೇ ಸತ್ತಿತ್ತು ಎಂದರ್ಥ. ಇದನ್ನು ಕಂಡುಹಿಡಿಯಲು ಒಂದು ಪಾನಾ, ಎರಡು ಕಿವಿ ಸಾಕಾಗಿದ್ದವು.

ಜೀಪಿನ ಕತೆಯೂ ಅದೇ. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದ ಮೇಲೆ ಅದೇ ಎಲುಬಿನ ಮೇಲೆ ಎಷ್ಟೋ ಗಾಡಿಗಳು ಬಂದವು. ಕಮಾಂಡರ್, ಮಾರ್ಷಲ್, ಆರ್ಮಡಾ, 2000ದಲ್ಲಿ ಬೊಲೆರೊ. ಬೇರೆ ಕಂಪನಿಗಳಿಂದ 1985ರಲ್ಲಿ ಜಿಪ್ಸಿ ಬಂತು, 1994ರಲ್ಲಿ ಸುಮೊ. ನವಲಗುಂದದ ಎರೆಮಣ್ಣಿನ ಕೆಸರಿನಲ್ಲಿ ಹೂತರೂ ಎದ್ದು ಬರುವ ಗಾಡಿಗಳು, ಕುಂದಗೋಳದ ವೆಲ್ಡಿಂಗ್ ಅಂಗಡಿಯಲ್ಲೂ ಚಾಸಿ ಬೆಸೆದುಕೊಳ್ಳಬಹುದಾದ ಗಾಡಿಗಳು. ಜಿಪ್ಸಿ, ಸುಮೊ ಎರಡೂ 2019ಕ್ಕೆ ನಿಂತವು. ಅದರ ಮರುವರ್ಷ, 2020ರ ಏಪ್ರಿಲ್ 1ರಿಂದ, ದೇಶದಲ್ಲೆಲ್ಲ ಬಿಎಸ್-6 ಹೊಗೆ ನಿಯಮ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಕರೆಗೆ ನೈತಿಕ ಬಲವೇ ಇರುವುದಿಲ್ಲ. ಹಳೆಯ ಗಾಡಿಗಳು ಉಗುಳಿದ ಹೊಗೆಯನ್ನು ಕುಡಿದವರು ನಾವೇ. ಹೊಗೆಗೆ ಗಟ್ಟಿ ಕಾನೂನು ಬೇಕಿತ್ತು. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಬಿಎಸ್-6 ಬಂದಾಗ ಡೀಸೆಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಮಸಿ ಹಿಡಿಯುವ ಫಿಲ್ಟರ್ ಬಂತು, ವಿಷದ ಅನಿಲವನ್ನು ಮುರಿಯುವ ಯೂರಿಯಾ ದ್ರಾವಣದ ಟ್ಯಾಂಕು ಬಂತು. ಇವನ್ನೆಲ್ಲ ನಾನು ಮನಸಾರೆ ಒಪ್ಪುತ್ತೇನೆ. ಕಮರಿಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಬೆಳೆಯುವ ಮಕ್ಕಳ ಎದೆಗೂಡಿನ ಮುಂದೆ ಯಾವ ಲಾರಿಯ ಬಾಡಿಗೆಯೂ ದೊಡ್ಡದಲ್ಲ.

ನನ್ನ ತಕರಾರು ಬೇರೆ. ಹೊಗೆ ಶುದ್ಧವಾಗಲಿ ಎಂದಿತು ಕಾನೂನು. ರಿಪೇರಿಯ ಮಾಹಿತಿಯನ್ನು ಬಚ್ಚಿಡಿ ಎಂದು ಅದು ಹೇಳಲಿಲ್ಲ. ಶುದ್ಧ ಹೊಗೆಯ ಹೆಸರಿನಲ್ಲಿ ಬಂದ ಯಂತ್ರಗಳ ಬೆನ್ನಿಗೇ ಬಚ್ಚಿಟ್ಟ ಕೋಡುಗಳೂ ಬಂದವು. ನಾವು ಎರಡನ್ನೂ ಒಂದೇ ಎಂದುಕೊಂಡು ತಲೆಯಾಡಿಸಿದೆವು.

ಮಿಸ್ತ್ರಿಯ ಪಾಡು ನೋಡಿ. ಹಳೆಯ ನೋಝಲ್ ಇನ್ನೂರು ಚಿಲ್ಲರೆ ಬಾರ್ ಒತ್ತಡಕ್ಕೆ ತೆರೆಯುತ್ತಿತ್ತು. ಇಂದಿನ ಕಾಮನ್ ರೇಲ್ ಇಂಜಿನ್ನಿನಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಅಲ್ಲಿ ಓಡುವ ಇಂಜಿನ್ನಿನ ಪೈಪು ಸಡಿಲಿಸಿದರೆ ಡೀಸೆಲ್ಲಿನ ಧಾರೆ ಚರ್ಮವನ್ನೇ ತೂರಿ ಒಳಹೊಗುತ್ತದೆ. ಕಿವಿಗೊಟ್ಟು ಪತ್ತೆ ಹಚ್ಚುವ ವಿದ್ಯೆ ಆ ಕೆಲಸಕ್ಕೆ ಇನ್ನು ಉಪಯೋಗಕ್ಕೆ ಬಾರದು. ಅದರ ಬದಲಿಗೆ ದೋಷದ ಕೋಡು ಓದುವ ಸ್ಕ್ಯಾನರ್ ಬಂತು. ಬರಲಿ, ನಮ್ಮ ಮಿಸ್ತ್ರಿಗಳು ಅದನ್ನೂ ಕಲಿಯುತ್ತಾರೆ. ಆದರೆ ಪೇಟೆಯಲ್ಲಿ ಸಿಗುವ ಎಷ್ಟೋ ಸ್ಕ್ಯಾನರುಗಳಿಗೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡುಗಳಷ್ಟೇ ಓದಲು ಬರುತ್ತವೆ. ಒಳಗಿನವು ಬಹುಪಾಲು ಕಂಪನಿಯ ಸಾಫ್ಟ್‌ವೇರಿಗೇ ಮೀಸಲು. ಎಷ್ಟೋ ಗಾಡಿಗಳಲ್ಲಿ ಹೊಸ ಸೆನ್ಸರ್ ತಂದು ಕೂಡಿಸಿದರೂ ಇಂಜಿನ್ನಿನ ಕಂಪ್ಯೂಟರಿಗೆ ಅದರ ಪರಿಚಯ ಮಾಡಿಸುವವರೆಗೆ ಆ ಕಂಪ್ಯೂಟರು ಸೆನ್ಸರನ್ನು ಒಪ್ಪುವುದಿಲ್ಲ. ಆ ಪರಿಚಯ ಮಾಡಿಸುವ ಅಧಿಕಾರ ಷೋರೂಮಿನ ಲ್ಯಾಪ್‌ಟಾಪಿನಲ್ಲಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯವರೊಬ್ಬರ ಲಾರಿ ಉಳ್ಳಾಗಡ್ಡಿ ಹೇರಿಕೊಂಡು ಮಂಗಳೂರಿಗೆ ಹೊರಟಿತ್ತು. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಹತ್ತಿರವಾಗುವಾಗ ಯೂರಿಯಾದ ದೀಪ ಹತ್ತಿಕೊಂಡು ಪಿಕಪ್ ಬಿದ್ದುಹೋಯಿತು. ಟ್ಯಾಂಕಿನಲ್ಲಿ ಯೂರಿಯಾ ಇತ್ತು. ಅದು ಖಾಲಿಯಾದರೆ ಇಂಜಿನ್ನಿನ ಬಲ ತಗ್ಗಬೇಕೆಂಬುದು ನಿಯಮವೇ, ಸರಿಯಾದದ್ದೇ. ಇಲ್ಲಿ ಕೆಟ್ಟಿದ್ದು ಸೆನ್ಸರ್. ಪರಿಚಯದ ಮಿಸ್ತ್ರಿಯನ್ನು ಹುಬ್ಬಳ್ಳಿಯಿಂದ ಕರೆಸಿದರು. ಮೂವತ್ತು ವರ್ಷ ಇಂಜಿನ್ ಬಿಚ್ಚಿದ ಮನುಷ್ಯ ಒಂದು ತಾಸು ನೋಡಿ ಕೈ ಒರೆಸಿಕೊಂಡರಂತೆ: “ಇಂಜಿನ್‌ಗೆ ಏನೂ ಆಗಿಲ್ರೀ ಅಣ್ಣಾರ. ಸೆನ್ಸರ್ ಸುಳ್ಳ ಹೇಳಾಕತ್ತೈತಿ. ಅದನ್ನ ಸುಮ್ಮನ ಮಾಡೂ ಅಧಿಕಾರ ನಂಗ ಕೊಟ್ಟಿಲ್ಲ.” ಷೋರೂಮಿನವರ ಸರದಿ ಬರುವ ಹೊತ್ತಿಗೆ ತಾಡಪಾಲಿನ ಕೆಳಗೆ ಉಳ್ಳಾಗಡ್ಡಿ ಬೆವೆತು ನಾರತೊಡಗಿತ್ತು. ಅಧಿಕಾರ ಕೊಟ್ಟಿಲ್ಲ ಎಂಬ ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ದೋಷ ಗೊತ್ತಿತ್ತು. ರಿಪೇರಿ ಮಾಡುವವರು ಎದುರಿಗಿದ್ದರು. ಗಾಡಿಯ ಮಾಲೀಕರೂ ಅಲ್ಲೇ ಇದ್ದರು. ಹಾಗಿದ್ದರೆ ಅಧಿಕಾರ ಯಾರ ಬಳಿ ಇರಬೇಕಿತ್ತು?

ನೂರಾರು ಲಾರಿ ಇರುವವರಿಗೆ ಇದು ತಲೆನೋವು, ಅಷ್ಟೇ. ಅವರಿಗೆ ಸ್ವಂತ ವರ್ಕ್‌ಷಾಪ್ ಇರುತ್ತದೆ, ಕಂಪನಿಯ ಜೊತೆ ಒಪ್ಪಂದ ಇರುತ್ತದೆ, ಒಂದು ಗಾಡಿ ನಿಂತರೆ ಇನ್ನೊಂದು ಹೊರಡುತ್ತದೆ. ಒಂದೇ ಗಾಡಿಯವನಿಗೆ ಹಾಗಲ್ಲ. ಲಾರಿ ನಿಂತಿದ್ದರೂ ಕಂತು ನಿಲ್ಲುವುದಿಲ್ಲ. 1976ರ ಆ ಒಂದು ಲಾರಿಯ ಕತೆ ಇಂದು ಇನ್ನೊಬ್ಬರ ಬಾಳಿನಲ್ಲಿ ನಡೆಯಬಹುದಾದ ದಾರಿಯನ್ನೇ ಈ ಕೀಲಿ ಮುಚ್ಚುತ್ತಿದೆ. ಡಬ್ಬಿ ಹಿಡಿದು ಬೆಳಗಾಗುತ್ತಲೇ ಗ್ಯಾರೇಜಿಗೆ ಹೊರಡುವ ಮನೆಗಳಲ್ಲಿ ಈಗ ತಂದೆಯೇ ಮಗನಿಗೆ ಈ ಕಸಬು ಬೇಡ ಎನ್ನುತ್ತಿದ್ದಾನೆ. ಕೈಯಲ್ಲಿ ವಿದ್ಯೆ ಇದ್ದೂ ಆತ ಹಾಗೆ ಹೇಳಬೇಕಾಗಿ ಬಂದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಕೀಲಿ ಹಾಕಿದಲ್ಲಿ ಕೀಲಿ ಒಡೆಯುವವರೂ ಹುಟ್ಟುತ್ತಾರೆ. ಮಿಸ್ತ್ರಿ ಅಣ್ಣಂದಿರೇ, ಈಗ ನಿಮಗೇ ಹೇಳುತ್ತಿದ್ದೇನೆ. ಯೂರಿಯಾ ಹಾಕದೆಯೂ ಹಾಕಿದಂತೆ ಕಂಪ್ಯೂಟರಿಗೆ ನಂಬಿಸುವ ಡಬ್ಬಿಗಳು ದೇಶದಲ್ಲಿ ಕದ್ದು ಮಾರಾಟವಾಗುತ್ತಿವೆ. ಬೇಸತ್ತ ಮಾಲೀಕ ಅದನ್ನು ಕೂಡಿಸಿಕೊಡು ಎಂದು ಬಂದು ನಿಲ್ಲುತ್ತಾನೆ. ಕೂಡಿಸಬೇಡಿ. ಬೇಸರ ನ್ಯಾಯವಾದದ್ದೇ ಇರಬಹುದು, ಆದರೆ ಆ ಹೊಗೆ ಹೋಗುವುದು ಕಂಪನಿಯ ಮಾಲೀಕರ ಮನೆಗಲ್ಲ, ನಮ್ಮ ನಿಮ್ಮ ಮಕ್ಕಳ ಮೂಗಿಗೆ. ಅಂಥ ಡಬ್ಬಿ ಒಂದೊಂದು ಕೂತಾಗಲೂ, ಹೊರಗಿನ ಗ್ಯಾರೇಜಿನವರನ್ನು ನಂಬಲಾಗದು ಎಂದು ಕಂಪನಿಗಳು ಹೇಳುವುದಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಹಕ್ಕು ಕೇಳುವವರ ಕೈ ಸ್ವಚ್ಛವಾಗಿರಲಿ.

ಈ ಹಕ್ಕು ಯಾರೋ ಕಂಡ ಕನಸೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ, ದೋಷ ಪತ್ತೆಯ ಉಪಕರಣ ಇವು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಅವುಗಳ ಮೇಲಿನ ಆರೋಪ. ಕಂಪನಿಗಳು ಮೇಲ್ಮನವಿಗೆ ಹೋದವು, ಗ್ಯಾರೇಜಿನ ಮಟ್ಟಕ್ಕೆ ಅದರ ಫಲ ಇಳಿಯಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ನೇರ ಮತ ಹಾಕಿ ವಾಹನ ರಿಪೇರಿಯ ಹಕ್ಕು ಪಡೆದರು, 2020ರಲ್ಲಿ ಮತ್ತೊಮ್ಮೆ ಮತ ಹಾಕಿ ಅದನ್ನು ಬಿಗಿ ಮಾಡಿಕೊಂಡರು. ಯುರೋಪಿನಲ್ಲಿ ಯುರೋ-5 ಹೊಗೆ ನಿಯಮದ ಜೊತೆಗೇ, ಸ್ವತಂತ್ರ ಗ್ಯಾರೇಜುಗಳಿಗೆ ರಿಪೇರಿ ಮಾಹಿತಿ ಕೊಡಬೇಕೆಂಬ ಕಟ್ಟುಪಾಡೂ ಬಂತು. ಇದನ್ನು ನಾವು ಗಮನವಿಟ್ಟು ನೋಡಬೇಕು: ಹೊಗೆಗೆ ಕಡಿವಾಣ ಹಾಕಿದ ಕಾನೂನೇ ಮಾಹಿತಿಯ ಬಾಗಿಲನ್ನೂ ತೆರೆಸಿತು. ನಮ್ಮ ಬಿಎಸ್ ನಿಯಮಗಳನ್ನು ರೂಪಿಸಿದ್ದು ಯುರೋಪನ್ನು ನೋಡಿಯೇ. ಹೊಗೆಯ ಪಾಠ ಕಲಿತವರು ಬಾಗಿಲಿನ ಪಾಠವನ್ನೂ ಕಲಿಯಲಿ.

ಸರಳ ಗಾಡಿ ಮಾಡಲು ಇನ್ನು ಆಗುವುದೇ ಇಲ್ಲ ಎನ್ನುವವರಿಗೂ ಉತ್ತರವಿದೆ. 2023ರಲ್ಲಿ ಟೊಯೋಟಾ ಥಾಯ್ಲೆಂಡಿನಲ್ಲಿ ಒಂದು ಅಗ್ಗದ ಪಿಕಪ್ ತಂದಿತು. ಮೇಲೆ ಏನು ಬೇಕಾದರೂ ಕಟ್ಟಿಕೊಳ್ಳಲು ಹಿಂಬದಿಯ ಹಾಸಿನಲ್ಲಿ ಮೊದಲೇ ಬೋಲ್ಟಿನ ತೂತುಗಳನ್ನು ಕೊರೆದಿಟ್ಟಿದ್ದರು. ಊರ ವೆಲ್ಡರನನ್ನೂ ಲೆಕ್ಕಕ್ಕೆ ಹಿಡಿದೇ ಆ ಗಾಡಿ ರೂಪಿಸಿದ್ದಾರೆ. ನಮ್ಮ ದೇಶದ ಕಂಪನಿಗಳ ಎಂಜಿನಿಯರುಗಳಿಗೆ ಇದು ಬಾರದ ವಿದ್ಯೆಯೇ? ಲಾರಿ, ಬಸ್ಸು ಕಟ್ಟುವ ಕಾರ್ಖಾನೆಗಳು ಧಾರವಾಡದ ಮಗ್ಗುಲಲ್ಲೇ ಇವೆ. ಅಲ್ಲಿ ಕೆಲಸ ಮಾಡುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನೀವು ಜೋಡಿಸುವ ಗಾಡಿ ನಾಳೆ ನಿಮ್ಮ ಊರಿನ ಮಿಸ್ತ್ರಿಯ ಮುಂದೆಯೇ ಬಂದು ನಿಲ್ಲುತ್ತದೆ. ಒಳಗಿನ ಸಭೆಗಳಲ್ಲಿ ಅವನ ಪರವಾಗಿ ಒಬ್ಬರಾದರೂ ಬಾಯಿ ತೆರೆಯಿರಿ.

ವಿದ್ಯಾನಗರದಲ್ಲಿ 1947ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಬಿವಿಬಿ ಕಾಲೇಜು ಇಂದು ವಿಶ್ವವಿದ್ಯಾಲಯ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ. ಇವುಗಳ ಅಂಗಳದಲ್ಲಿ ವಾರಕ್ಕೊಂದು ಸಂಜೆ ಗ್ಯಾರೇಜಿನವರಿಗೆ ಬಾಗಿಲು ತೆರೆಯಲಿ. ಕೋಡುಗಳ ಅರ್ಥ, ಯೂರಿಯಾ ವ್ಯವಸ್ಥೆ ಕೆಲಸ ಮಾಡುವ ಬಗೆ, ಹೆಚ್ಚು ಒತ್ತಡದ ಪೈಪುಗಳ ಬಳಿ ಜೀವ ಉಳಿಸಿಕೊಳ್ಳುವ ಕ್ರಮ ಇವೆಲ್ಲ ಕನ್ನಡದಲ್ಲಿ, ಎಣ್ಣೆಗೈಯಲ್ಲಿ ಹಿಡಿದರೂ ಹರಿಯದ ಹಾಳೆಯಲ್ಲಿ ಅಚ್ಚಾಗಿ ಬರಲಿ. ಮಿಸ್ತ್ರಿಗಳೂ ಬರಿಗೈಯಲ್ಲಿ ಬರುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಎಂದೂ ಕೆಡದ ಬಗೆಗಳಲ್ಲಿ ಇಂಜಿನ್ ರಸ್ತೆಯ ಮೇಲೆ ಕೆಡುತ್ತದೆ, ಅದನ್ನು ಕಲಿಸಬಲ್ಲವರು ಅವರೇ.

ಇನ್ನು ದೆಹಲಿಯ ಮಾತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಉಪಕರಣ, ವಾಹನ ಈ ನಾಲ್ಕು ಅದರ ಪಟ್ಟಿಯಲ್ಲಿದ್ದವು. ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಬಂತು. ಕಂಪನಿಗಳು ಮನಸ್ಸಿದ್ದರೆ ಅಲ್ಲಿ ಮಾಹಿತಿ ಹಾಕಬಹುದು. ಮನಸ್ಸಿಲ್ಲದಿದ್ದರೂ ಹಾಕಲೇಬೇಕು ಎನ್ನುವ ಕಾಯ್ದೆ ವಾಹನಗಳಿಗೆ ಬರಲಿಲ್ಲ. ಆ ಇಲಾಖೆಯ ಹೊಣೆ 2024ರ ಜೂನಿನಲ್ಲಿ ಬಂದದ್ದು ಯಾರ ಕೈಗೆ? ನಮ್ಮ ಧಾರವಾಡ ಕ್ಷೇತ್ರದ ಸಂಸದ, ನಮ್ಮ ಊರಿನವರೇ ಆದ ಪ್ರಲ್ಹಾದ ಜೋಶಿ ಅವರ ಕೈಗೆ. ಇಂಥ ಅವಕಾಶ ಒಂದು ಊರಿಗೆ ಮತ್ತೆ ಮತ್ತೆ ಬರುವುದಿಲ್ಲ. ಜೋಶಿಯವರೇ, ಹುಬ್ಬಳ್ಳಿಯ ಗ್ಯಾರೇಜುಗಳ ಪರವಾಗಿ, ಒಂದೇ ಲಾರಿಯ ಮಾಲೀಕರ ಪರವಾಗಿ ಕೈಮುಗಿದು ಕೇಳುತ್ತೇನೆ: ವಾಹನ ಮಾರುವ ಪ್ರತಿ ಕಂಪನಿಯೂ ರಿಪೇರಿ ಕೈಪಿಡಿ, ಕೋಡುಗಳ ಪಟ್ಟಿ, ಸೆನ್ಸರ್ ಪರಿಚಯಿಸುವ ಸಾಫ್ಟ್‌ವೇರನ್ನು ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗಾದರೂ ಕೊಡಲೇಬೇಕೆಂಬ ಕಾಯ್ದೆಯನ್ನು ಸಂಸತ್ತಿನ ಮುಂದೆ ತನ್ನಿ. ಹೊಗೆಯ ನಿಯಮ ಮುರಿಯುವ ಗ್ಯಾರೇಜಿಗೆ ಅದೇ ಕಾಯ್ದೆಯಲ್ಲಿ ಶಿಕ್ಷೆಯನ್ನೂ ಬರೆಯಿರಿ, ನಮಗೆ ಒಪ್ಪಿಗೆಯಿದೆ.

ನನ್ನ ಊರಿನವರೇ, ಸಚಿವರಿಗೆ ನನ್ನೊಬ್ಬನ ಕಾಗದ ಸಾಲದು. ಲಾರಿ ಮಾಲೀಕರ ಸಂಘ, ಗ್ಯಾರೇಜಿನವರ ಸಂಘ, ರೈತ ಸಂಘ, ಮ್ಯಾಕ್ಸಿಕ್ಯಾಬ್ ಓಡಿಸುವವರು ಒಟ್ಟಾಗಿ ಕೂತು ಒಂದೇ ಮನವಿ ಬರೆಯಿರಿ. ನಿಮ್ಮ ಗಾಡಿ ಯಾವಾಗ ನಿಂತಿತು, ಯಾವ ಕೋಡಿಗೆ ನಿಂತಿತು, ಎಷ್ಟು ದಿನ ನಿಂತಿತು, ಬಾಡಿಗೆ ಎಷ್ಟು ಹೋಯಿತು ಎಂಬುದನ್ನು ರಸೀದಿಯ ಸಮೇತ ಅದಕ್ಕೆ ಲಗತ್ತಿಸಿ. ಮುಂದಿನ ಗಾಡಿ ಬುಕ್ ಮಾಡುವ ದಿನ ಮೈಲೇಜು, ಕಂತು ಕೇಳುವುದಕ್ಕೂ ಮೊದಲು ಷೋರೂಮಿನಲ್ಲಿ ಒಂದು ಪ್ರಶ್ನೆ ಕೇಳಿ: “ಇದನ್ನ ನಮ್ಮ ಮಿಸ್ತ್ರಿ ರಿಪೇರಿ ಮಾಡಾಕ ಬರತೈತೇನ್ರಿ?” ಉತ್ತರವನ್ನು ಬರೆಸಿಕೊಳ್ಳಿ. ಬರೆದುಕೊಡದವರ ಗಾಡಿ ಬಿಟ್ಟು ಪಕ್ಕದ ಷೋರೂಮಿಗೆ ಹೋಗಿ, ಅಲ್ಲಿಯೂ ಅದನ್ನೇ ಕೇಳಿ.