ತಪ್ಪು ಕೈಯದ್ದಲ್ಲ

ಕಳೆದ ಈದ್‌ಗೆ ಹುಬ್ಬಳ್ಳಿಯ ನೆಂಟರು ನಮ್ಮ ಮಾಗಡಿಗೆ ಬಂದಿದ್ದರು. ಅವರ ಹುಡುಗ ಟಿ.ವಿ.ಗೆ ಜೋಡಿಸಿ ಆಡುವ ವೀಡಿಯೊ ಗೇಮನ್ನೂ ತಂದಿದ್ದ. ಓಣಿಯ ಮಕ್ಕಳೆಲ್ಲ ಸುತ್ತ ಕುಳಿತರು. ಪಕ್ಕದ ಮನೆಯ ಹುಡುಗನ ಸರದಿ ಬಂತು. ಅವನಿಗೆ ಹುಟ್ಟಿನಿಂದಲೇ ಎಡಗೈಯಲ್ಲಿ ಬಲ ಕಡಿಮೆ. ಎರಡೂ ಕೈಯಲ್ಲಿ ಹಿಡಿದು ಹತ್ತಾರು ಗುಂಡಿ ಒತ್ತಬೇಕಾದ ಆ ಕಂಟ್ರೋಲರನ್ನು ತುಸು ಹೊತ್ತು ತಿರುಗಿಸಿ ನೋಡಿ ಕೆಳಗಿಟ್ಟ. "ಇರ್ಲಿ ಬಿಡು ಬೇಟಾ, ಅದು ನಿನ್ ಕೈಲೆ ಆಗೂದಿಲ್ಲ" ಎಂದರು ಅವನ ದಾದಿ. ನಾನೂ ಸುಮ್ಮನಿದ್ದೆ.

ಸಂಜೆ ಅದೇ ಹುಡುಗ ಅಮ್ಮಿಯ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕ್ರಿಕೆಟ್ ಆಡಿ ಎಲ್ಲರನ್ನೂ ಸೋಲಿಸಿದ. ಈಗ ನೀವೇ ಹೇಳಿ, ಮಧ್ಯಾಹ್ನ ಸೋತದ್ದು ಅವನ ಕೈಯೋ, ಕೈಗೆ ಕೊಟ್ಟ ಸಾಧನವೋ?

ಇಂಥದ್ದೇ ಪ್ರಶ್ನೆಯನ್ನು ಜಪಾನಿನ ನಿಂಟೆಂಡೊ ಕಂಪೆನಿ ವ್ಯಾಪಾರಕ್ಕಾಗಿ ಕೇಳಿಕೊಂಡಿತು. 2001ರಲ್ಲಿ ಅದು ತಂದ ಗೇಮ್‌ಕ್ಯೂಬ್ ಮಾರಾಟವಾದದ್ದು ಸುಮಾರು 2.17 ಕೋಟಿ ಮಾತ್ರ. ಆ ಬಳಿಕ ಅಧ್ಯಕ್ಷರಾದ ಸಟೊರು ಇವಾಟಾ, ಆಡುವವರನ್ನೇ ಮತ್ತೆ ಮತ್ತೆ ಸೆಳೆಯುವ ಬದಲು ಆಡದವರತ್ತ ಗಮನ ಕೊಟ್ಟರು. ಗುಂಡಿಗಳ ಗೋಜಲು ನೋಡಿಯೇ ಎಷ್ಟೋ ಜನ ದೂರ ಉಳಿಯುತ್ತಿದ್ದರು. 2006ರಲ್ಲಿ ಬಂದ 'ವೀ' ಯಂತ್ರಕ್ಕೆ ಟಿ.ವಿ. ರಿಮೋಟಿನಂತಹ ಕಂಟ್ರೋಲರ್ ಕೊಟ್ಟರು. ಕೈಯ ಚಲನೆಯನ್ನು ಅದು ಗುರುತಿಸುತ್ತದೆ. ನೀವು ಕೈ ಬೀಸಿದರೆ ಪರದೆಯ ಮೇಲಿನ ಟೆನಿಸ್ ಬ್ಯಾಟೂ ಬೀಸುತ್ತದೆ. ಅಜ್ಜ ಅಜ್ಜಿಯರೂ ಆಡಿದರು, ವೃದ್ಧಾಶ್ರಮಗಳಲ್ಲೂ ಆಡಿಸಿದರು. 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ಆದರೆ ಕೈ ಬೀಸಲೂ ಬಲ ಬೇಕಲ್ಲವೇ? 2018ರಲ್ಲಿ ಮೈಕ್ರೋಸಾಫ್ಟ್, 'ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್' ತಂದಿತು. ಅದರ ಮೇಲೆ ಎರಡು ದೊಡ್ಡ ಗುಂಡಿಗಳು, ಹಿಂದೆ 19 ಸಣ್ಣ ರಂಧ್ರಗಳು. ಅವುಗಳಿಗೆ ಬೇರೆ ಗುಂಡಿ, ಪೆಡಲುಗಳನ್ನು ಸಿಕ್ಕಿಸಿ ಪಾದದ ಕೆಳಗೋ ಮೊಣಕೈ ಬಳಿಯೋ ಇಟ್ಟುಕೊಳ್ಳಬಹುದು. 2023ರಲ್ಲಿ ಸೋನಿಯೂ 'ಆಕ್ಸೆಸ್' ಎಂಬ ಕಂಟ್ರೋಲರ್ ತಂದಿತು. ಆಡುವವರು ಹೆಚ್ಚಿದರೆ ಕೊಳ್ಳುವವರೂ ಹೆಚ್ಚುತ್ತಾರೆಂಬ ಲೆಕ್ಕ ಇದರಲ್ಲಿ ಇದ್ದೇ ಇದೆ. ಆದರೂ ಆ ಲೆಕ್ಕದಿಂದಾಗಿ ಮೂಲೆಯಲ್ಲಿ ಕುಳಿತ ಮಗುವಿಗೂ ಸರದಿ ಸಿಕ್ಕಿತು.

ಎಕ್ಸ್‌ಬಾಕ್ಸ್‌ನ ಆ ಕಂಟ್ರೋಲರ್ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 100 ಡಾಲರ್. ನಮ್ಮ ಮನೆಗಳಿಗೆ ಇದು ದುಬಾರಿ. ಆದರೆ ಖರ್ಚಿಲ್ಲದ ದಾರಿಯೂ ಇದೆ. ಇಂದಿನ ಹಲವು ಗೇಮ್ ಯಂತ್ರಗಳ ಸೆಟ್ಟಿಂಗ್ಸ್‌ನಲ್ಲಿ ಎಡಗಡೆಯ ಗುಂಡಿಯ ಕೆಲಸವನ್ನು ಬಲಗಡೆಯ ಗುಂಡಿಗೆ ಕೊಡಬಹುದು. ಎಕ್ಸ್‌ಬಾಕ್ಸ್‌ನಲ್ಲಿ 2017ರಿಂದ ಎರಡು ಕಂಟ್ರೋಲರ್ ಸೇರಿಸಿ ಒಬ್ಬನೇ ಆಟಗಾರನನ್ನು ನಡೆಸುವ ಸೌಲಭ್ಯವಿದೆ. ತಮ್ಮನು ಓಡಿಸಬಹುದು, ಅಣ್ಣನು ಚೆಂಡು ಹೊಡೆಯಬಹುದು. ಆ ದಿನ ಇದು ನನಗೆ ತಿಳಿದಿರಲಿಲ್ಲ.

ಸಹೋದರಿಯರೇ, ಎಡಗೈ ಬಳಸುವ ಮಗಳಿಗೆ ಬಲಗೈಯ ಕತ್ತರಿ ಕೊಟ್ಟು, ಬಟ್ಟೆ ಸೊಟ್ಟ ಕತ್ತರಿಸಿದಳೆಂದು ನಾವು ಗದರುವುದಿಲ್ಲವೇ? "ನಿನ್ನಿಂದಾಗದು" ಎಂಬ ಮಾತನ್ನು ಮಕ್ಕಳು ಬಹುಕಾಲ ಮರೆಯುವುದಿಲ್ಲ. ಅದನ್ನು ಹೇಳುವ ಮುನ್ನ ಅವರ ಕೈಯಲ್ಲಿರುವ ವಸ್ತುವನ್ನೊಮ್ಮೆ ನೋಡಿ. ಬದಲಾಯಿಸಬಹುದಾದರೆ ಬದಲಾಯಿಸಿ ಕೊಡಿ.

ಮುಂದಿನ ಈದ್‌ಗೆ ಗೇಮ್ ತರುವಾಗ ಗುಂಡಿಗಳನ್ನು ಬಲಗಡೆಗೆ ಹೊಂದಿಸಿ ತರಬೇಕೆಂದು ಹುಬ್ಬಳ್ಳಿಯ ಹುಡುಗನಿಗೆ ಹೇಳಿಟ್ಟಿದ್ದೇನೆ. ಮೊದಲ ಸರದಿ ಪಕ್ಕದ ಮನೆಯವನದ್ದು.